ಗರಡಿಯ ಖುರಾಕು, ಅಂಗಡಿಯ ಪುಡಿ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಕುಸ್ತಿಪಟು ಇಂದು ಎರಡು ಬಗೆಯ ನೆಲದ ಮೇಲೆ ಸೆಣಸುತ್ತಾನೆ. ಜಾತ್ರೆಯ ಹೊತ್ತಿಗೆ ಊರ ಬಯಲಿನಲ್ಲಿ ಹದಗೊಳಿಸಿದ ಮಣ್ಣಿನ ಕಣದಲ್ಲಿ ನಡೆಯುವ ಜಂಗೀ ಕುಸ್ತಿ ಒಂದು. ಶಾಲಾ ಕ್ರೀಡಾಕೂಟದಿಂದ ಮೊದಲುಗೊಂಡು ಒಲಿಂಪಿಕ್ಸ್‌ವರೆಗೆ ಹಬ್ಬಿರುವ ಮ್ಯಾಟ್ ಕುಸ್ತಿ ಇನ್ನೊಂದು. ಜಂಗೀ ಕುಸ್ತಿಯಲ್ಲಿ ಊರ ಹಿರಿಯರು ಮತ್ತು ಹಳೆಯ ಪೈಲ್ವಾನರು ಇಬ್ಬರ ಮೈಕಟ್ಟು, ವಯಸ್ಸು, ಹೆಸರು ನೋಡಿ ಜೋಡಿ ಕಟ್ಟುತ್ತಾರೆ. ಒಬ್ಬ ಚಿತ್ ಆಗುವವರೆಗೆ ಸೆಣಸಾಟ ಸಾಗುತ್ತದೆ. ನಾಲ್ಕಾರು ಕಿಲೋ ಹೆಚ್ಚು ತೂಗುವುದು ಅಲ್ಲಿ ದೋಷವಲ್ಲ, ಬಲ. ಮ್ಯಾಟಿನ ಮೇಲೆ ಹಿರಿಯರ ವಿಭಾಗದ ಸೆಣಸಾಟವು ತಲಾ ಮೂರು ನಿಮಿಷದ ಎರಡು ಸುತ್ತುಗಳಲ್ಲಿ, ನಡುವೆ ಅರ್ಧ ನಿಮಿಷದ ವಿರಾಮದೊಂದಿಗೆ ಮುಗಿಯುತ್ತದೆ, ಮತ್ತು ಕಣಕ್ಕೆ ಇಳಿಯುವ ಮೊದಲು ತಕ್ಕಡಿಯ ಮೇಲೆ ನಿಂತು ತಾನು ಹೆಸರು ಕೊಟ್ಟ ತೂಕದ ವಿಭಾಗಕ್ಕೆ ಸೇರಿದವನೆಂದು ತೋರಿಸಬೇಕಾಗುತ್ತದೆ. ಪೈಲ್ವಾನನ ತಾಟಿನಲ್ಲಿ ಏನಿರಬೇಕು ಎಂಬ ಪ್ರಶ್ನೆಗೆ ಸಿಗುವ ಉತ್ತರ ಬದಲಾಗಲು ಮೊದಲ ಕಾರಣ ಈ ತಕ್ಕಡಿ. ಪುಡಿಯ ಡಬ್ಬಿಗಳ ಜಾಹೀರಾತು ಎರಡನೆಯದು.

ನಿತ್ಯದ ಊಟಕ್ಕೆ ಮೇಲಾಗಿ, ನಿರ್ದಿಷ್ಟ ಪೋಷಕಾಂಶವನ್ನೋ ದೇಹದ ಮೇಲೆ ನಿರ್ದಿಷ್ಟ ಪರಿಣಾಮ ಬೀರುವ ವಸ್ತುವನ್ನೋ ಒದಗಿಸಲು ಪುಡಿ, ಮಾತ್ರೆ, ದ್ರವ ಮುಂತಾದ ರೂಪದಲ್ಲಿ ಸೇವಿಸುವುದನ್ನು ಪೂರಕ ಆಹಾರ, ಬಳಕೆಯ ಮಾತಿನಲ್ಲಿ ಸಪ್ಲಿಮೆಂಟ್, ಎನ್ನುತ್ತಾರೆ. ಭಾರತದಲ್ಲಿ ಇದು ಔಷಧವಲ್ಲ, ಆಹಾರ. ಇದನ್ನು ನಿಯಂತ್ರಿಸುವುದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿ ಹೊರಡಿಸಿ, ಆಮೇಲೆ ಪರಿಷ್ಕರಿಸಿದ ನಿಯಮಾವಳಿ. ಔಷಧವೊಂದು ಮಾರುಕಟ್ಟೆಗೆ ಬರುವ ಮೊದಲು ತಾನು ಗುಣಕಾರಿ ಎಂಬುದನ್ನು ಪ್ರಯೋಗಗಳಿಂದ ಸಾಬೀತುಪಡಿಸಬೇಕು. ಪೂರಕ ಆಹಾರಕ್ಕೆ ಅಂಥ ಕಡ್ಡಾಯವಿಲ್ಲ. ಈ ಒಂದು ವ್ಯತ್ಯಾಸದಿಂದ ಹುಟ್ಟುವ ತೊಂದರೆಗಳು ಮುಂದೆ ಬರುತ್ತವೆ. ಅದಕ್ಕೂ ಮೊದಲು, ಡಬ್ಬಿ ಬರುವ ಎಷ್ಟೋ ಕಾಲ ಮುಂಚಿನಿಂದ ಗರಡಿ ಮನೆಯಲ್ಲಿ ಇದ್ದ ಪೂರಕ ಆಹಾರವನ್ನು, ಅಂದರೆ ಖುರಾಕನ್ನು, ಇಂದಿನ ಪೋಷಣ ವಿಜ್ಞಾನದ ಅಳತೆಯಲ್ಲಿ ತೂಗಿ ನೋಡುವುದು ಅಗತ್ಯ.

ಖುರಾಕು ಎಂದರೆ ಮನೆಯವರೆಲ್ಲ ಉಣ್ಣುವ ರೊಟ್ಟಿ, ಪಲ್ಯ, ಅನ್ನಗಳಲ್ಲದೆ ಪೈಲ್ವಾನನಿಗಾಗಿಯೇ ಎತ್ತಿಟ್ಟ ಆಹಾರ: ಎಮ್ಮೆಯ ಹಾಲು, ತುಪ್ಪ, ನೆನೆಸಿ ಸಿಪ್ಪೆ ಸುಲಿದ ಬಾದಾಮಿ, ಶೇಂಗಾ ಮತ್ತು ಬೆಲ್ಲ, ಬಾಳೆಹಣ್ಣು, ನೆನೆಸಿದ ಕಡಲೆ, ಮಾಂಸ ತಿನ್ನುವ ಮನೆಗಳಲ್ಲಿ ಮೊಟ್ಟೆ ಮತ್ತು ಮಟನ್ ಸಾರು. ಬಾದಾಮಿ, ಗಸಗಸೆ, ಕರ್ಬೂಜದ ಬೀಜ, ಮೆಣಸು, ಏಲಕ್ಕಿಗಳನ್ನು ಕಲ್ಲಿನಲ್ಲಿ ನುಣ್ಣಗೆ ಅರೆದು ಹಾಲಿನಲ್ಲಿ ಕದಡಿದ ಥಂಡಾಯಿ ಇದರ ಶ್ರೀಮಂತ ರೂಪ. ಬಡ ರೈತನ ಮನೆಯ ಹುಡುಗನಿಗೆ ಬಾದಾಮಿ ಎಂದೂ ಸುಲಭವಾಗಿ ಎಟುಕಿದ್ದಲ್ಲ. ಅವನ ಬಾದಾಮಿ ಶೇಂಗಾ. ವಿಜ್ಞಾನದ ದೃಷ್ಟಿಯಿಂದ ಅದರಲ್ಲಿ ನಷ್ಟವೇನೂ ಇಲ್ಲ, ಏಕೆಂದರೆ ನೂರು ಗ್ರಾಂ ಬಾದಾಮಿಯಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇದ್ದರೆ ಅಷ್ಟೇ ಶೇಂಗಾದಲ್ಲಿ ಸುಮಾರು 24 ಗ್ರಾಂ ಇರುತ್ತದೆ.

ದೇಹಕ್ಕೆ ಎಷ್ಟು ಪ್ರೋಟೀನ್ ಬೇಕು ಎಂಬುದಕ್ಕೆ ಎರಡು ಅಂಕಿಗಳನ್ನು ನೆನಪಿಡಬೇಕು. ಆರೋಗ್ಯವಂತ ಸಾಮಾನ್ಯ ವಯಸ್ಕರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿದ ಪ್ರಮಾಣ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. ಭಾರ ಎತ್ತುವಂಥ ಕಠಿಣ ವ್ಯಾಯಾಮ ಮಾಡುವವರ ಮೇಲೆ ನಡೆದ 49 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಪ್ರೋಟೀನ್‌ನಿಂದ ಸ್ನಾಯು ಬೆಳವಣಿಗೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾದರೆ 70 ಕಿಲೋ ತೂಗುವ ಪೈಲ್ವಾನನಿಗೆ ದಿನಕ್ಕೆ 112 ಗ್ರಾಂ ಸಾಕು. ಇದನ್ನು ಹಾವೇರಿ ಜಿಲ್ಲೆಯ ಅಡುಗೆಮನೆಯಲ್ಲೇ ಕೂಡಿಸಿ ನೋಡಬಹುದು: ಒಂದು ಲೀಟರ್ ಎಮ್ಮೆ ಹಾಲಿನಿಂದ ಸುಮಾರು 37 ಗ್ರಾಂ, ದಿನದ ರೊಟ್ಟಿಗಳಿಗೆ ಬೇಕಾಗುವ 300 ಗ್ರಾಂ ಜೋಳದ ಹಿಟ್ಟಿನಿಂದ ಸುಮಾರು 30, ನೂರು ಗ್ರಾಂ ಶೇಂಗಾದಿಂದ 24, ನೂರು ಗ್ರಾಂ ಹೆಸರು ಅಥವಾ ಮಡಕಿ ಕಾಳಿನಿಂದ ಸುಮಾರು 21. ಒಟ್ಟು 112. ಮೊಟ್ಟೆ ಮಾಂಸ ಮುಟ್ಟದ ಮನೆಯಲ್ಲಿಯೂ, ಅಂಗಡಿಯ ಡಬ್ಬಿಯೊಂದನ್ನೂ ತೆರೆಯದೆ, ಲೆಕ್ಕ ಸರಿಹೋಗುತ್ತದೆ.

ಪ್ರಮಾಣದ ಲೆಕ್ಕ ಸರಿಯಾದರೆ ಸಾಲದು, ಗುಣದ ಲೆಕ್ಕವೂ ಇದೆ. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳು ಕೊಂಡಿಯಂತೆ ಸೇರಿ ಆದ ಸರಪಳಿ. ಇಪ್ಪತ್ತು ಬಗೆಯ ಈ ಘಟಕಗಳಲ್ಲಿ ಒಂಬತ್ತನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಜೋಳದಲ್ಲಿ ಅವುಗಳ ಪೈಕಿ ಲೈಸಿನ್ ಕಡಿಮೆ, ಮೇಲಾಗಿ ಬೇಯಿಸಿದ ಜೋಳದ ಪ್ರೋಟೀನ್ ಬೇರೆ ಧಾನ್ಯಗಳಷ್ಟು ಸುಲಭವಾಗಿ ಜೀರ್ಣವಾಗುವುದಿಲ್ಲ. ಕಾಳು ಮತ್ತು ಹಾಲಿನಲ್ಲಿ ಲೈಸಿನ್ ಧಾರಾಳವಾಗಿದೆ. ಆದ್ದರಿಂದ ರೊಟ್ಟಿಗೆ ಕಾಳಿನ ಪಲ್ಯ, ಮೇಲೆ ಮೊಸರು ಅಥವಾ ಹಾಲು ಎಂಬ ಉತ್ತರ ಕರ್ನಾಟಕದ ಊಟದ ಜೋಡಣೆ, ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಣೆಯಾಗಿದೆ. ಹಾಲು ಕೈಬಿಟ್ಟು ಬರೀ ರೊಟ್ಟಿ–ಚಟ್ನಿಯ ಮೇಲೆ ತಾಲೀಮು ಮಾಡುವ ಹುಡುಗನಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಮತ್ತು ಅಂಥ ಹುಡುಗರು ಇಲ್ಲವೆಂದು ಯಾರೂ ಹೇಳಲಾರರು.

ಆದರೆ ಮೇಲಿನ ಲೆಕ್ಕದ ಇನ್ನೊಂದು ಮಗ್ಗುಲನ್ನು ತಕ್ಕಡಿ ತೋರಿಸುತ್ತದೆ. ಆ ಒಂದು ಲೀಟರ್ ಎಮ್ಮೆ ಹಾಲಿನಲ್ಲಿ ಸುಮಾರು 65 ಗ್ರಾಂ, ಆ ಶೇಂಗಾದಲ್ಲಿ ಸುಮಾರು 40 ಗ್ರಾಂ ಕೊಬ್ಬು ಇದೆ. ನಾಲ್ಕೂ ಸೇರಿದರೆ ಶಕ್ತಿ 2,900 ಕಿಲೋಕ್ಯಾಲರಿಯ ಆಸುಪಾಸಿಗೆ ಬರುತ್ತದೆ, ಅದೂ ತುಪ್ಪ, ಬೆಲ್ಲ, ಅನ್ನಗಳನ್ನು ಸೇರಿಸದೆ. ದಿನಕ್ಕೆರಡು ಹೊತ್ತು ದಂಡ, ಬೈಠಕ್ ಹೊಡೆದು, ಕಣ ಅಗೆದು, ಜೋರ್ ಮಾಡುವ ಪೈಲ್ವಾನನಿಗೆ ಅದು ಹೆಚ್ಚಲ್ಲ. ಆದರೆ ಪಂದ್ಯಕ್ಕೆ ಮೂರು ವಾರ ಉಳಿದಿರುವಾಗ ಮೂರು ಕಿಲೋ ಇಳಿಸಲೇಬೇಕಾದ, ಇಳಿಸುವಾಗ ಸ್ನಾಯು ಕರಗದಂತೆ ನೋಡಿಕೊಳ್ಳಬೇಕಾದ ಕುಸ್ತಿಪಟುವಿಗೆ ಶಕ್ತಿ ಕಡಿಮೆಯಾಗಿ ಪ್ರೋಟೀನ್ ಕಡಿಮೆಯಾಗದ ಆಹಾರ ಬೇಕು. ವೇ ಪ್ರೋಟೀನ್ ಎಂಬ ಪುಡಿಗೆ ನ್ಯಾಯವಾದ ಜಾಗ ಇರುವುದು ಇಲ್ಲಿ. ಹಾಲನ್ನು ಒಡೆದು ಚೀಸ್ ತೆಗೆದ ಮೇಲೆ ಉಳಿಯುವ ತಿಳಿನೀರಿನಲ್ಲಿ ಹಾಲಿನ ಒಟ್ಟು ಪ್ರೋಟೀನ್‌ನ ಐದನೇ ಒಂದು ಭಾಗ ಕರಗಿರುತ್ತದೆ. ಆ ನೀರನ್ನು ಸೋಸಿ ಒಣಗಿಸಿದರೆ ಸಿಗುವುದೇ ವೇ. ಬೇಗ ಜೀರ್ಣವಾಗುವ, ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೇರಳವಾಗಿರುವ ಇದರ 25 ಗ್ರಾಂ ಪುಡಿಯಲ್ಲಿ 20 ಗ್ರಾಂನಷ್ಟು ಪ್ರೋಟೀನ್, ನೂರರಿಂದ ನೂರಿಪ್ಪತ್ತು ಕಿಲೋಕ್ಯಾಲರಿ ಇರುತ್ತದೆ. ಅಷ್ಟೇ ಪ್ರೋಟೀನ್‌ಗೆ ಎಮ್ಮೆ ಹಾಲು ಅರ್ಧ ಲೀಟರ್‌ಗಿಂತ ಹೆಚ್ಚು ಬೇಕು, ಶಕ್ತಿ ಐದು ಪಟ್ಟಾಗುತ್ತದೆ. ವೇ ಎಂಬುದು ಪರದೇಶದ ಮಾಯಾವಸ್ತುವಲ್ಲ; ಕರ್ನಾಟಕ ಹಾಲು ಮಹಾಮಂಡಳವೇ 2024ರ ಡಿಸೆಂಬರ್‌ನಲ್ಲಿ ವೇ ಪ್ರೋಟೀನ್ ಬೆರೆಸಿದ ಇಡ್ಲಿ–ದೋಸೆ ಹಿಟ್ಟನ್ನು ನಂದಿನಿ ಹೆಸರಿನಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಪ್ರಕಟಿಸಿದ ಆಹಾರ ಮಾರ್ಗಸೂಚಿ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದಿತು. ಸಾಮಾನ್ಯ ಜನರಿಗೆ ಆ ಮಾತು ಸರಿ, ಮಣ್ಣಿನ ಕಣದ ಪೈಲ್ವಾನನಿಗೂ ಸರಿ. ತೂಕ ಇಳಿಸುವ ವಾರಗಳಲ್ಲಿರುವ ಮ್ಯಾಟ್ ಕುಸ್ತಿಪಟುವಿಗೆ ಮಾತ್ರ ಅದನ್ನು ಹಾಗೆಯೇ ಅನ್ವಯಿಸಲಾಗದು.

ತೂಕ ಇಳಿಸುವುದರ ಕಷ್ಟವನ್ನು ಭಾರತ 2024ರ ಆಗಸ್ಟ್ 7ರಂದು ಕಂಡಿತು. ಪ್ಯಾರಿಸ್ ಒಲಿಂಪಿಕ್ಸ್‌ನ 50 ಕಿಲೋ ವಿಭಾಗದ ಫೈನಲ್ ತಲುಪಿದ್ದ ವಿನೇಶ್ ಫೋಗಟ್ ಅಂದಿನ ಬೆಳಗಿನ ತೂಕದಲ್ಲಿ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು. ಕೊನೆಯ ಒಂದೆರಡು ದಿನಗಳಲ್ಲಿ ಇಳಿಯುವ ತೂಕ ಕೊಬ್ಬಿನದಲ್ಲ, ನೀರಿನದು. ಉಪ್ಪು, ಪಿಷ್ಟ, ನೀರುಗಳನ್ನು ಕಡಿಮೆ ಮಾಡಿ, ದಪ್ಪ ಬಟ್ಟೆ ತೊಟ್ಟು ಓಡಿ, ಬಿಸಿ ಕೋಣೆಯಲ್ಲಿ ಕುಳಿತು ಬೆವರು ಹರಿಸಿದಾಗ ರಕ್ತದ ದ್ರವಾಂಶ ತಗ್ಗಿ, ಹೃದಯದ ಮೇಲೆ ಹೊರೆ ಹೆಚ್ಚಿ, ದೇಹಕ್ಕೆ ತನ್ನನ್ನು ತಾನು ತಣಿಸಿಕೊಳ್ಳುವ ದಾರಿ ಮುಚ್ಚುತ್ತದೆ. ಅಮೆರಿಕದಲ್ಲಿ 1997ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳ ಐದೇ ವಾರಗಳ ಅವಧಿಯಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ಸತ್ತರು. ಅವರಲ್ಲಿ ಹಿರಿಯನಿಗೆ 22 ವರ್ಷ. ಆಗ ಮೊದಲು ಸಂಶಯ ಬಿದ್ದದ್ದು ಹೊಸದಾಗಿ ಜನಪ್ರಿಯವಾಗುತ್ತಿದ್ದ ಕ್ರಿಯಾಟಿನ್ ಪುಡಿಯ ಮೇಲೆ. ತನಿಖೆಯಲ್ಲಿ ಕಂಡದ್ದು ಬೇರೆ: ಸಾವಿಗೆ ಕಾರಣ ತೀವ್ರ ನಿರ್ಜಲೀಕರಣ ಮತ್ತು ಏರಿದ ದೇಹದ ಉಷ್ಣತೆ. ಮುಂದಿನ ವರ್ಷ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಉಡುಪು, ಬಿಸಿ ಕೋಣೆಗಳ ಬಳಕೆಗೆ ತಡೆ ಬಿತ್ತು. ಡಬ್ಬಿಯ ಮೇಲೆ ಎಲ್ಲರ ಕಣ್ಣಿದ್ದಾಗ ಪ್ರಾಣ ತೆಗೆದದ್ದು ಬೆವರು. ಏಪ್ರಿಲ್ ತಿಂಗಳ ಹಾವೇರಿಯ ಬಿಸಿಲಲ್ಲಿ ಹದಿನಾರರ ಹುಡುಗನೊಬ್ಬ ನೀರು ಬಿಟ್ಟು, ಸ್ವೆಟರ್ ತೊಟ್ಟು ಓಡುವುದನ್ನು ತರಬೇತಿಯ ಭಾಗವೆಂದು ಒಪ್ಪುವವರು ಈ ಮೂರು ಸಾವುಗಳನ್ನು ಓದಲೇಬೇಕು.

ನಿರಪರಾಧಿಯೆಂದು ಹೊರಬಂದ ಕ್ರಿಯಾಟಿನ್‌ನ ಕಥೆಯಲ್ಲಿ ತೆಲುಗು ನಾಡಿನ ವಿಜ್ಞಾನಿಯೊಬ್ಬರ ಹೆಸರಿದೆ. ಸ್ನಾಯು ಸಂಕುಚಿಸುವಾಗ ಖರ್ಚಾಗುವುದು ಎಟಿಪಿ ಎಂಬ ಅಣು, ಅದರ ದಾಸ್ತಾನು ಕೆಲವೇ ಕ್ಷಣಗಳಿಗೆ ಸಾಕಾಗುವಷ್ಟು. ಅದನ್ನು ತಕ್ಷಣ ಮರಳಿ ತುಂಬಿಕೊಡುವುದು ಫಾಸ್ಫೋಕ್ರಿಯಾಟಿನ್. ಈ ವಸ್ತು ಸ್ನಾಯುವಿನಲ್ಲಿದೆ ಎಂಬುದನ್ನು 1927ರಲ್ಲಿ ಹಾರ್ವರ್ಡ್‌ನಿಂದ ಪ್ರಕಟಿಸಿದವರು ಸೈರಸ್ ಫಿಸ್ಕೆ ಮತ್ತು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ದೊಡ್ಡ ನೋಟು ಮುರಿಸಲು ಹೊತ್ತಿಲ್ಲದಾಗ ಕಿಸೆಯಲ್ಲಿನ ಚಿಲ್ಲರೆ ಕೈಗೆ ಬರುವಂತೆ, ಎದುರಾಳಿಯನ್ನು ಎತ್ತಿ ಒಗೆಯುವ ಕೆಲವು ಸೆಕೆಂಡುಗಳ ಸ್ಫೋಟಕ ಶ್ರಮಕ್ಕೆ ಒದಗುವುದು ಇದೇ. ದೇಹ ತನಗೆ ಬೇಕಾದ ಕ್ರಿಯಾಟಿನ್‌ನ ಸುಮಾರು ಅರ್ಧದಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ, ಉಳಿದದ್ದು ಮಾಂಸ–ಮೀನುಗಳಿಂದ ಬರಬೇಕು. ಅರ್ಧ ಕಿಲೋ ಮಾಂಸದಲ್ಲಿ ಇರುವುದೂ ಒಂದೆರಡು ಗ್ರಾಂ ಮಾತ್ರ. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಇದರ ಸಂಗ್ರಹ ಕಡಿಮೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಈ ಜಿಲ್ಲೆಯ ಅನೇಕ ಕುಸ್ತಿಪಟುಗಳು ಬರುವುದು ಹಾಲು, ತುಪ್ಪ ಸಮೃದ್ಧವಾಗಿದ್ದು ಮಾಂಸ ಹೊಸ್ತಿಲು ದಾಟದ ಮನೆಗಳಿಂದ. ಅಂದರೆ ಖುರಾಕು ಪ್ರೋಟೀನ್ ವಿಷಯದಲ್ಲಿ ಪೂರ್ಣವಾಗಿದ್ದೂ ಈ ಒಂದು ವಸ್ತುವಿನಲ್ಲಿ ಕೊರತೆಯುಳ್ಳದ್ದು, ಮತ್ತು ಪೂರಕ ಎಂಬ ಮಾತು ಅಕ್ಷರಶಃ ಒಪ್ಪುವುದು ಇದಕ್ಕೇ. ದಿನಕ್ಕೆ 3ರಿಂದ 5 ಗ್ರಾಂ, ಒಂದು ಸಣ್ಣ ಚಮಚ, ಸಾಕು. ಮೂರು–ನಾಲ್ಕು ವಾರಗಳಲ್ಲಿ ಸ್ನಾಯು ತುಂಬಿಕೊಳ್ಳುತ್ತದೆ. ಆರೋಗ್ಯವಂತರ ಮೂತ್ರಪಿಂಡಕ್ಕೆ ಇಷ್ಟು ಪ್ರಮಾಣದಿಂದ ಹಾನಿಯಾದದ್ದು ಕಂಡುಬಂದಿಲ್ಲ. ಆದರೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ಅಂಕಿ ತುಸು ಏರಬಹುದಾದ್ದರಿಂದ ವೈದ್ಯರಿಗೆ ಪುಡಿ ಸೇವಿಸುತ್ತಿರುವುದನ್ನು ಮೊದಲೇ ತಿಳಿಸಬೇಕು, ಮತ್ತು ಮೂತ್ರಪಿಂಡದ ಕಾಯಿಲೆ ಇದ್ದವರು ಇದರ ಗೊಡವೆಗೆ ಹೋಗಬಾರದು. ಇನ್ನೊಂದು ತೊಡಕು ತಕ್ಕಡಿಯದು: ಕ್ರಿಯಾಟಿನ್ ಸ್ನಾಯುವಿನೊಳಗೆ ನೀರನ್ನೂ ಎಳೆದುಕೊಳ್ಳುವುದರಿಂದ ತೂಕ ಒಂದೆರಡು ಕಿಲೋ ಏರಬಹುದು. ತನ್ನ ವಿಭಾಗದ ಗೆರೆಯ ಮೇಲೆಯೇ ನಿಂತಿರುವವನು ಪಂದ್ಯಕ್ಕೆ ಹತ್ತು ದಿನವಿರುವಾಗ ಇದನ್ನು ಆರಂಭಿಸುವುದು ತಪ್ಪು ಲೆಕ್ಕ.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2018ರಲ್ಲಿ ಪ್ರಕಟಿಸಿದ ಅಭಿಪ್ರಾಯದಲ್ಲಿ, ಪ್ರದರ್ಶನಕ್ಕೆ ನೇರವಾಗಿ ನೆರವಾಗುವುದಕ್ಕೆ ಗಟ್ಟಿ ಆಧಾರವಿರುವ ವಸ್ತುಗಳು ಐದೇ. ಕ್ರಿಯಾಟಿನ್ ಬಿಟ್ಟರೆ ಉಳಿದವು ಕೆಫೀನ್, ಬೀಟ್ರೂಟ್‌ನಲ್ಲಿರುವ ನೈಟ್ರೇಟ್, ಬೀಟಾ–ಅಲನಿನ್ ಮತ್ತು ಮಿರ್ಚಿ ಭಜಿಯ ಹಿಟ್ಟಿಗೆ ಹಾಕುವ ಅಡುಗೆ ಸೋಡಾ. ಈ ಕೊನೆಯದು ಓದುಗರಿಗೆ ವಿಚಿತ್ರವಾಗಿ ತೋರಬಹುದು. ಆರು ನಿಮಿಷದ ಸೆಣಸಾಟದಲ್ಲಿ ಸ್ನಾಯುಗಳು ಸಕ್ಕರೆಯನ್ನು ಆಮ್ಲಜನಕದ ನೆರವಿಲ್ಲದೆ ಒಡೆಯುವಾಗ ಆಮ್ಲೀಯತೆ ಏರುತ್ತದೆ, ತೋಳು ಭಾರವಾಗುತ್ತದೆ. ರಕ್ತಕ್ಕೆ ಸೇರಿದ ಸೋಡಾ ಆ ಆಮ್ಲೀಯತೆಯನ್ನು ಹೀರಿಕೊಳ್ಳಲು ನೆರವಾಗುತ್ತದೆ. ಆದರೆ ಬೇಕಾಗುವುದು ದೇಹತೂಕದ ಪ್ರತಿ ಕಿಲೋಗೆ 0.2ರಿಂದ 0.4 ಗ್ರಾಂನಷ್ಟು ದೊಡ್ಡ ಪ್ರಮಾಣವಾದ್ದರಿಂದ ಹೊಟ್ಟೆ ಕೆಡುವ ಸಂಭವ ಹೆಚ್ಚು. ಕೆಫೀನ್ 2004ರ ಜನವರಿಯಿಂದ ಉದ್ದೀಪನ ಮದ್ದುಗಳ ನಿಷೇಧಿತ ಪಟ್ಟಿಯಲ್ಲಿಲ್ಲ. ಮಾರುಕಟ್ಟೆಯಲ್ಲಿರುವ ನೂರಾರು ಹೆಸರುಗಳಲ್ಲಿ ಈ ಐದನ್ನು ಕಳೆದರೆ ಉಳಿಯುವುದರಲ್ಲಿ ಹೆಚ್ಚಿನದು ಬಣ್ಣ, ರುಚಿ, ಮಾತು.

ಆ ಮಾತಿನ ಪೈಕಿ ಕೊಬ್ಬು ಕರಗಿಸುವ ಮಾತ್ರೆಗಳದು ಈ ಸೀಮೆಗೆ ಹತ್ತಿರದ್ದು, ಏಕೆಂದರೆ ಅವುಗಳಲ್ಲಿ ಕೆಲವಕ್ಕೆ ಹಾಕುವುದು ಮೆಣಸಿನಕಾಯಿಯ ಸಾರ. ಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ಶಾಖವನ್ನು ಗುರುತಿಸುವ ನರತುದಿಯ ಗ್ರಾಹಕಕ್ಕೆ ಅಂಟಿ ಮೈ ಬಿಸಿಯಾದ ಭಾವನೆ ಹುಟ್ಟಿಸುತ್ತದೆ; ಆ ಗ್ರಾಹಕವನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಗೆ ಪಾಲುದಾರರಾದರು. ಆದರೆ ಅದರಿಂದ ಹೆಚ್ಚುವರಿಯಾಗಿ ಉರಿಯುವ ಶಕ್ತಿ ದಿನಕ್ಕೆ ಅರ್ಧ ರೊಟ್ಟಿಯಷ್ಟೂ ಆಗದು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆಯಂತೂ ಖಾರದಲ್ಲಿಲ್ಲ, ಕೆಂಪಿನಲ್ಲಿದೆ. ಅದರಿಂದ ತೆಗೆಯುವ ಸಾರ ಆಹಾರ ಮತ್ತು ಸೌಂದರ್ಯವರ್ಧಕಗಳಿಗೆ ಬಣ್ಣವಾಗಿ ಹೋಗುತ್ತದೆ. ಕ್ರೀಡೆಯಲ್ಲಿ ಕ್ಯಾಪ್ಸೈಸಿನ್ ನಿಷೇಧಿತವಾಗಿರುವುದು ಮನುಷ್ಯರಿಗಲ್ಲ, ಕುದುರೆಗಳಿಗೆ: 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಕುದುರೆಗಳ ಪರೀಕ್ಷೆಯಲ್ಲಿ ಅದು ಸಿಕ್ಕಿ, ಅವುಗಳ ಸವಾರರು ಸ್ಪರ್ಧೆಯಿಂದ ಹೊರಬಿದ್ದರು.

ಮಹಿಳಾ ಕುಸ್ತಿ 2004ರ ಅಥೆನ್ಸ್ ಒಲಿಂಪಿಕ್ಸ್‌ನಿಂದ ಸ್ಪರ್ಧೆಯಾಗಿದೆ; ಕರ್ನಾಟಕದ ಹುಡುಗಿಯರೂ ಮ್ಯಾಟಿಗೆ ಬಂದಿದ್ದಾರೆ. ಅವರ ವಿಷಯದಲ್ಲಿ ಪೂರಕ ಆಹಾರದ ಚರ್ಚೆ ಪ್ರೋಟೀನ್‌ನಿಂದಲ್ಲ, ಕಬ್ಬಿಣಾಂಶದಿಂದ ಆರಂಭವಾಗಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49ರ ವಯಸ್ಸಿನ ಕರ್ನಾಟಕದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಕಬ್ಬಿಣವೇ ಕೇಂದ್ರ. ಅದು ಕಡಿಮೆಯಿದ್ದಾಗ ಎರಡನೆಯ ಸುತ್ತಿನಲ್ಲಿ ಏದುಸಿರು ಬರುವುದನ್ನು ತರಬೇತುದಾರರು ಸೋಮಾರಿತನವೆಂದೋ ಎದೆಗಾರಿಕೆಯ ಕೊರತೆಯೆಂದೋ ತಿಳಿಯುವ ಅಪಾಯವಿದೆ. ಧಾನ್ಯ, ಕಾಳುಗಳ ಕಬ್ಬಿಣ ದೇಹಕ್ಕೆ ಕಡಿಮೆ ಸೇರುತ್ತದೆ, ಊಟದ ಬೆನ್ನಿಗೇ ಕುಡಿದ ಚಹಾ ಅದನ್ನು ಇನ್ನೂ ತಗ್ಗಿಸುತ್ತದೆ, ಲಿಂಬೆಯ ರಸ ಹೆಚ್ಚಿಸುತ್ತದೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಉಚಿತವಾಗಿ ಕೊಡುವ ನೀಲಿ ಬಣ್ಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇರುತ್ತದೆ. ಹದಿಹರೆಯದ ಕುಸ್ತಿಪಟುವಿಗೆ ಸಾವಿರಾರು ರೂಪಾಯಿಯ ಡಬ್ಬಿಗಿಂತ ಹೆಚ್ಚು ಉಪಕಾರ ಮಾಡಬಲ್ಲ ಈ ಮಾತ್ರೆ ಕಸದ ಬುಟ್ಟಿ ಸೇರುವುದು ನೋವಿನ ಸಂಗತಿ. ಕೊರತೆ ಹೆಚ್ಚಿದೆಯೆಂಬ ಅನುಮಾನವಿದ್ದರೆ ರಕ್ತಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟನ್ನೇ ಸೇವಿಸಬೇಕು, ಏಕೆಂದರೆ ದೇಹಕ್ಕೆ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕುವ ದಾರಿ ಇಲ್ಲ.

ಇಷ್ಟೆಲ್ಲ ಹೇಳುವಾಗ ಡಬ್ಬಿಯ ಮೇಲೆ ಬರೆದದ್ದೇ ಡಬ್ಬಿಯೊಳಗೆ ಇದೆ ಎಂದು ಭಾವಿಸಿದಂತಾಯಿತು. ಅದು ಸದಾ ನಿಜವಲ್ಲ. ಪ್ರೋಟೀನ್ ಅಳೆಯುವ ಹಳೆಯ, ಇಂದಿಗೂ ಬಳಕೆಯಲ್ಲಿರುವ ವಿಧಾನವನ್ನು ರೂಪಿಸಿದವರು ಕೋಪನ್‌ಹೇಗನ್‌ನ ಯೋಹಾನ್ ಕೆಲ್‌ಡಾಲ್, 1883ರಲ್ಲಿ. ಈ ವಿಧಾನ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಪ್ರೋಟೀನ್‌ನಲ್ಲಿ ಸಾರಜನಕ ಸುಮಾರು ಶೇ 16 ಇರುವುದರಿಂದ, ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಷ್ಟೆಂದು ಹೇಳುತ್ತಾರೆ. ಹಾಗಾಗಿ ಅಗ್ಗದ ಗ್ಲೈಸಿನ್ ಬೆರೆಸಿದರೆ, ಅದರಲ್ಲಿ ಸಾರಜನಕ ಶೇ 18ಕ್ಕಿಂತ ಹೆಚ್ಚಿರುವುದರಿಂದ, ಪರೀಕ್ಷೆಯಲ್ಲಿ ಅದು ಉತ್ತಮ ಪ್ರೋಟೀನ್‌ನಂತೆಯೇ ಎಣಿಕೆಯಾಗುತ್ತದೆ, ಸ್ನಾಯುವಿಗೆ ಮಾತ್ರ ಆ ಲಾಭ ಸಿಗುವುದಿಲ್ಲ. ಚೀನಾದಲ್ಲಿ 2008ರಲ್ಲಿ ಶಿಶುಗಳ ಹಾಲಿನ ಪುಡಿಗೆ ಮೆಲಮಿನ್ ಬೆರೆಸಿದವರು ಬಳಸಿದ್ದೂ ಇದೇ ಸಂದನ್ನು. ಕೇರಳದ ವೈದ್ಯರೊಬ್ಬರ ನೇತೃತ್ವದ ತಂಡ ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಶೇ 70ರಷ್ಟರ ಲೇಬಲ್‌ನಲ್ಲಿ ಪ್ರೋಟೀನ್ ಪ್ರಮಾಣ ಸರಿಯಿರಲಿಲ್ಲ, ಸುಮಾರು ಶೇ 14ರಷ್ಟರಲ್ಲಿ ಅಫ್ಲಾಟಾಕ್ಸಿನ್ ಸಿಕ್ಕಿತು. ಅಫ್ಲಾಟಾಕ್ಸಿನ್ ಎಂಬುದು ಒಂದು ಜಾತಿಯ ಬೂಷ್ಟು ಉಂಟುಮಾಡುವ, ಯಕೃತ್ತಿಗೆ ಹಾನಿ ಮಾಡುವ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಶೇಂಗಾ ಹಿಂಡಿ ತಿಂದು ಸತ್ತಾಗ ಅದರ ಪತ್ತೆಯಾಯಿತು. ತೇವ ಉಳಿದ ಶೇಂಗಾ ಮತ್ತು ಮೆಣಸಿನಕಾಯಿಯಲ್ಲಿ ಬೂಷ್ಟು ಹಿಡಿಯುವುದನ್ನು ಬಲ್ಲ ಈ ಸೀಮೆಯ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವ್ಯತ್ಯಾಸವೆಂದರೆ ಬೂಷ್ಟು ಹಿಡಿದ ಶೇಂಗಾವನ್ನು ಕಣ್ಣು, ಮೂಗು, ನಾಲಗೆಗಳು ಎಷ್ಟೋ ಸಲ ಗುರುತಿಸಿ ಬಿಸಾಡುತ್ತವೆ. ಚಾಕೊಲೇಟ್ ರುಚಿಯ ಪುಡಿಯಲ್ಲಿ ಅವು ಕೆಲಸಕ್ಕೆ ಬರುವುದಿಲ್ಲ.

ಕಡಿಮೆ ಪ್ರೋಟೀನ್ ಕೊಟ್ಟ ಡಬ್ಬಿ ಹಣ ಕಳೆಯುತ್ತದೆ. ಲೇಬಲ್‌ನಲ್ಲಿಲ್ಲದ ಸ್ಟೆರಾಯ್ಡ್ ಇರುವ ಡಬ್ಬಿ ಬದುಕನ್ನೇ ಕಳೆಯುತ್ತದೆ. ಒಲಿಂಪಿಕ್ ಸಮಿತಿಯ ನೆರವಿನಿಂದ 13 ದೇಶಗಳಲ್ಲಿ ಕೊಂಡ 634 ಪೂರಕಗಳನ್ನು ಜರ್ಮನಿಯ ಕಲೋನ್ ಪ್ರಯೋಗಾಲಯ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ 94ರಲ್ಲಿ, ಅಂದರೆ ಶೇ 14.8ರಲ್ಲಿ, ಲೇಬಲ್‌ನಲ್ಲಿ ಹೇಳದ ಸ್ಟೆರಾಯ್ಡ್ ಅಂಶಗಳಿದ್ದವು. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕೆಲವೇ ವಾರಗಳಿದ್ದಾಗ ಭಾರತದ ಹಲವು ಕ್ರೀಡಾಪಟುಗಳ ಮೂತ್ರದಲ್ಲಿ ಮೀಥೈಲ್‌ಹೆಕ್ಸಾನಮೀನ್ ಎಂಬ ಉತ್ತೇಜಕ ಸಿಕ್ಕಿತು. ಅವರಲ್ಲಿ ಕುಸ್ತಿಪಟುಗಳೂ ಇದ್ದರು. ಮೂಗು ಕಟ್ಟಿದಾಗ ಬಳಸುವ ಔಷಧವಾಗಿ ಹುಟ್ಟಿ, ಮಾರುಕಟ್ಟೆಯಿಂದ ಮರೆಯಾಗಿ, ಪೂರಕಗಳಲ್ಲಿ ಮರಳಿ ಬಂದ ಈ ವಸ್ತು ಎಷ್ಟೋ ಲೇಬಲ್‌ಗಳಲ್ಲಿ ಜೆರೇನಿಯಂ ಎಣ್ಣೆ ಎಂಬ ಗಿಡಮೂಲಿಕೆಯ ಹೆಸರಿನಲ್ಲಿ ಅಡಗಿರುತ್ತಿತ್ತು. ಮರುವರ್ಷ ಕರ್ನಾಟಕಕ್ಕೇ ಪೆಟ್ಟು ಬಿತ್ತು. ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿದ್ದ ಉಡುಪಿ ಜಿಲ್ಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಮತ್ತು ಅವರ ಜೊತೆಗಾರ್ತಿಯರಲ್ಲಿ ಸ್ಟೆರಾಯ್ಡ್ ಪತ್ತೆಯಾದಾಗ, ವಿದೇಶಿ ತರಬೇತುದಾರರು ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಮಾತ್ರೆಗಳಿಂದ ಅದು ಸೇರಿತೆಂದು ಅವರು ವಾದಿಸಿದರು. ದೇಶದೊಳಗಿನ ಸಮಿತಿ ವಿಧಿಸಿದ ಒಂದು ವರ್ಷದ ನಿಷೇಧವನ್ನು ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು.

ಇದರ ಹಿಂದಿರುವ ನಿಯಮವನ್ನು ಕಟ್ಟುನಿಟ್ಟಿನ ಹೊಣೆಗಾರಿಕೆ ಎನ್ನುತ್ತಾರೆ: ಮೂತ್ರದಲ್ಲಿ ನಿಷೇಧಿತ ವಸ್ತು ಸಿಕ್ಕರೆ, ಅದು ಉದ್ದೇಶದಿಂದ ಬಂದಿತೋ ಅರಿಯದೆ ಬಂದಿತೋ ಎಂಬ ವಿಚಾರಣೆಗೂ ಮೊದಲು, ಹೊಣೆ ಕ್ರೀಡಾಪಟುವಿನದು. ಕೊಟ್ಟ ತರಬೇತುದಾರ, ಮಾರಿದ ಅಂಗಡಿ, ತಯಾರಿಸಿದ ಕಾರ್ಖಾನೆ ಯಾರೂ ಅವನ ಶಿಕ್ಷೆಯನ್ನು ಹೊರುವುದಿಲ್ಲ. ಭಾರತದಲ್ಲಿ 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ರಾಷ್ಟ್ರೀಯ ಸಂಸ್ಥೆಯಾದ ನಾಡಾಕ್ಕೆ ಶಾಸನದ ಬಲ ಕೊಟ್ಟಿದೆ. 2023ರಲ್ಲಿ ಭಾರತದ 5,606 ಮಾದರಿಗಳಲ್ಲಿ ಶೇ 3.8ರಷ್ಟರಲ್ಲಿ ನಿಷೇಧಿತ ವಸ್ತು ಕಂಡುಬಂದಿತೆಂದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ವರದಿ ಹೇಳಿತು. ಅವರಲ್ಲಿ ಅರಿತು ತೆಗೆದುಕೊಂಡವರು ಇರುತ್ತಾರೆ. ಆದರೆ ಜಿಮ್ಮಿನಲ್ಲಿ ಯಾರೋ ಕೊಟ್ಟ, ಹೆಸರಿಲ್ಲದ ಪೊಟ್ಟಣವನ್ನು ನಂಬಿದ ಹಳ್ಳಿಯ ಹುಡುಗನಿಗೂ ಅದೇ ನಿಯಮ ಅನ್ವಯಿಸುತ್ತದೆ ಎಂಬುದನ್ನು ಅವನಿಗೆ ಕನ್ನಡದಲ್ಲಿ, ತಾಲೀಮಿನ ಮೊದಲ ವರ್ಷದಲ್ಲೇ, ತಿಳಿಸಿ ಹೇಳುವುದು ಎಲ್ಲ ತರಬೇತುದಾರರ ಕರ್ತವ್ಯ.

ಮನೆಯದೆಲ್ಲವೂ ನಿರಪಾಯ ಎಂದೂ ಇದರಿಂದ ತಿಳಿಯಬಾರದು. ಥಂಡಾಯಿಗೆ ಹಾಕುವ ಗಸಗಸೆ ಅಫೀಮಿನ ಗಿಡದ್ದೇ ಬೀಜ. ತೊಳೆಯದ ಬೀಜದ ಮೇಲೆ ಮಾರ್ಫಿನ್‌ನ ಲೇಶ ಅಂಟಿರುತ್ತದೆ. ಸ್ಪರ್ಧೆಯ ವೇಳೆ ಮಾರ್ಫಿನ್ ಒಂದು ಮಿತಿ ಮೀರಿ ಮೂತ್ರದಲ್ಲಿ ಕಾಣಿಸುವುದು ನಿಯಮಭಂಗವಾದ್ದರಿಂದ, ಪಂದ್ಯದ ದಿನಗಳಲ್ಲಿ ಗಸಗಸೆ ಪಾಯಸವನ್ನೂ ಗಸಗಸೆ ಹಾಕಿದ ಥಂಡಾಯಿಯನ್ನೂ ಬಿಡುವುದು ಜಾಣತನ. ಭಂಗಿ ಬೆರೆತ ಥಂಡಾಯಿಯ ವಿಷಯದಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ.

ಡಬ್ಬಿ ಕೊಳ್ಳಲೇಬೇಕಾದವರಿಗೆ ಕೆಲವು ಆಸರೆಗಳಿವೆ. ಆಹಾರ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ ಕನಿಷ್ಠ ಅಗತ್ಯ. ಆದರೆ ಅದು ನಿಷೇಧಿತ ವಸ್ತು ಇಲ್ಲವೆಂಬ ಭರವಸೆಯಲ್ಲ. ಇನ್ಫಾರ್ಮ್ಡ್ ಸ್ಪೋರ್ಟ್‌ನಂಥ ಮೂರನೆಯ ಸಂಸ್ಥೆಗಳು ಮಾರಾಟಕ್ಕೆ ಹೋಗುವ ಒಂದೊಂದು ಬ್ಯಾಚನ್ನೂ ಪರೀಕ್ಷಿಸಿ ಮುದ್ರೆ ಹಾಕುತ್ತವೆ, ಅದರಿಂದ ಅಪಾಯ ಬಹಳಷ್ಟು ತಗ್ಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ. ಮುದ್ರೆಯಿರುವ ಡಬ್ಬಿ ದುಬಾರಿ. ಒಬ್ಬೊಬ್ಬ ಹುಡುಗನೂ ತಾಲ್ಲೂಕು ಪೇಟೆಯಲ್ಲಿ ಅಗ್ಗದ್ದನ್ನು ಹುಡುಕುವುದು ಅದಕ್ಕೇ. ದಿನಕ್ಕೆ ಐದು ಗ್ರಾಂನಂತೆ ವರ್ಷಕ್ಕೆ ಒಬ್ಬ ಕುಸ್ತಿಪಟುವಿಗೆ ಬೇಕಾಗುವ ಕ್ರಿಯಾಟಿನ್ ಎರಡು ಕಿಲೋಗಿಂತ ಕಡಿಮೆ. ಗರಡಿಗಳು, ತಾಲ್ಲೂಕು ಕ್ರೀಡಾ ಸಂಘಗಳು, ಕ್ರೀಡಾ ವಸತಿ ನಿಲಯಗಳು ಅದನ್ನು ಒಟ್ಟಾಗಿ, ಪರೀಕ್ಷಿತ ಬ್ಯಾಚಿನಿಂದ, ರಸೀದಿಯೊಂದಿಗೆ ಕೊಂಡರೆ ಬೆಲೆಯೂ ಇಳಿಯುತ್ತದೆ, ದಾಖಲೆಯೂ ಉಳಿಯುತ್ತದೆ. ದಾಖಲೆಗೆ ಬೆಲೆ ಇದೆ, ಏಕೆಂದರೆ ಕಲಬೆರಕೆ ಉತ್ಪನ್ನದಿಂದ ನಿಷೇಧಿತ ವಸ್ತು ದೇಹ ಸೇರಿತು ಎಂಬುದನ್ನು ಸಾಬೀತುಪಡಿಸಿದ ಕ್ರೀಡಾಪಟುವಿನ ಶಿಕ್ಷೆಯನ್ನು ತಗ್ಗಿಸಲು ನಿಯಮದಲ್ಲಿ ಅವಕಾಶವಿದೆ. ಸಾಬೀತುಪಡಿಸುವ ಹೊರೆ ಮಾತ್ರ ಅವನದೇ. ಖಾಲಿ ಡಬ್ಬಿ ಎಸೆದವನ ಬಳಿ ಸಾಕ್ಷ್ಯವಿರುವುದಿಲ್ಲ. ಆದ್ದರಿಂದ ಕೊಂಡ ದಿನ, ಅಂಗಡಿ ಮತ್ತು ಬ್ಯಾಚ್ ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದು, ಅದೇ ಬ್ಯಾಚಿನ ಸೀಲ್ ಒಡೆಯದ ಒಂದು ಡಬ್ಬಿಯನ್ನು ಗರಡಿಯ ಕಪಾಟಿನಲ್ಲಿ ಆ ವರ್ಷದ ಪಂದ್ಯಗಳು ಮುಗಿದು, ಪರೀಕ್ಷೆಗಳ ಫಲಿತಾಂಶ ಬರುವವರೆಗೂ ಬೀಗ ಹಾಕಿ ಇಡಬೇಕು.